ತಮ್ಮನ ಕೊನೆಯ ತಟ್ಟೆ

ಜೀವಕೋಶ ಸಾಕುವುದು ಅವಳ ಕೆಲಸ. ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕಾವಲಮ್ಮ ಎಂದೇ ಕರೆಯುತ್ತಿದ್ದೆವು. ರಜೆಯ ದಿನವೂ ಬಂದು, ಕಾವುಪೆಟ್ಟಿಗೆಯಿಂದ ತಟ್ಟೆ ತೆಗೆದು, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, "ಊಟ ಆಯ್ತಾ ನಿಮ್ದು?" ಎಂದು ಕೋಶಗಳನ್ನು ವಿಚಾರಿಸುತ್ತಿದ್ದಳು.

"ಅವು ಉತ್ತರ ಕೊಟ್ರೆ ನಂಗೂ ಹೇಳು ತಾಯಿ," ಎಂದು ನಾನು ರೇಗಿಸುತ್ತಿದ್ದೆ.

ಒಂದು ತಟ್ಟೆ ಮಾತ್ರ ಅವಳ ತಮ್ಮನದು. ಸ್ನಾಯು ಸವೆದು ಅವನು ಚಿಕ್ಕ ವಯಸ್ಸಿಗೇ ಹೋಗಿಬಿಟ್ಟಿದ್ದ. ಬದುಕಿದ್ದಾಗ ಕೊಟ್ಟ ತೋಳಿನ ಚರ್ಮದ ಚೂರಿನಿಂದ ಬೆಳೆದ ಕೋಶಗಳು ಅವು. ಅವಕ್ಕೂ ಮುಪ್ಪು ಬಂದಿತ್ತು, ಇನ್ನು ಹೆಚ್ಚುತ್ತಿರಲಿಲ್ಲ. ಅಂಥ ಕಾಯಿಲೆಯವರು ಬೇರೆ ಯಾರೂ ನಮಗೆ ಸಿಕ್ಕಿರಲಿಲ್ಲ.

"ತನ್ನ ಆರೈಕೆ ಸಾಲ್ಲಿಲ್ಲ ಅಂತ ಅಮ್ಮ ಇವತ್ತಿಗೂ ಕೊರಗ್ತಾಳೆ ಕಣೆ. ಅವನಿಗೆ ಏನಾಗಿತ್ತು ಅಂತ ಅವಳಿಗೆ ಹೇಳ್ಬೇಕು," ಎನ್ನುತ್ತಿದ್ದಳು.

ತಮ್ಮನ ಕೆಟ್ಟ ಪ್ರೋಟೀನು ಕೋಶದೊಳಗೆ ಇನ್ಯಾವುದನ್ನೋ ಮುಟ್ಟಿ, ಕಣ್ಣು ಮಿಟುಕಿಸುವಷ್ಟರಲ್ಲಿ ಬಿಟ್ಟುಬಿಡುತ್ತಿತ್ತು. ಯಾವುದನ್ನು ಎಂಬುದೇ ಪ್ರಶ್ನೆ. ಅದಕ್ಕೆಂದು ಆ ಪ್ರೋಟೀನಿಗೆ ಹಸಿರಾಗಿ ಹೊಳೆಯುವ ಒಂದು ಗುರುತನ್ನೂ ಒಂದು ಅಂಟನ್ನೂ ಸೇರಿಸಿದ್ದೆವು. ಎರಡನ್ನೂ ಮುಟ್ಟಿಸುವ ಮದ್ದು ಹಾಕಿ, ಅವು ಮುಟ್ಟುವ ಹೊತ್ತಿಗೆ ನೇರಳೆ ದೀಪ ಹಾಯಿಸಿದರೆ ಜೋಡಿ ಅಂಟಿಕೊಳ್ಳುತ್ತದೆ. ಆಮೇಲೆ ಕೋಶಗಳನ್ನು ಒಡೆದು ನೋಡಬೇಕು. ಬೆಳಕು ಬಿದ್ದಾಗ ಅಂಟು ಹಿಡಿಯುವುದು ಒಂದೇ ಸಲ, ಆದ್ದರಿಂದ ಮದ್ದು ಹಾಕುವವರೆಗೆ ತಟ್ಟೆಯನ್ನು ಕತ್ತಲಲ್ಲೇ ಇಡಬೇಕು.

ಎಲ್ಲ ಮಾಡಿದೆವು. ಸಿಕ್ಕಿದ್ದು ಬರೀ ಕಸ. ಅಂಟು ಮೊದಲೇ ಅಕ್ಕಪಕ್ಕದ್ದನ್ನೆಲ್ಲ ಹಿಡಿದು ಮುಗಿದುಹೋಗಿತ್ತು.

"ಬೆಳಗ್ಗೆ ತಟ್ಟೆಗೆ ಬೆಳಕು ಬಿಟ್ಟಿದ್ಯಾ?" ಎಂದೆ.

ಕಾವಲಮ್ಮ ತಲೆ ತಗ್ಗಿಸಿದಳು. "ನೇರಳೆ ದೀಪದಲ್ಲಿ ಹಸಿರಾಗಿ ಹೊಳೀತಾವಲ್ಲ... ಒಡೆಯೋಕೆ ಮುಂಚೆ ಒಂದ್ಸಲ ನೋಡ್ಬೇಕು ಅನ್ನಿಸ್ತು. ಮೂಲೆಮೂಲೆನೂ ನೋಡ್ದೆ."

"ಬುದ್ಧಿ ಎಲ್ಲಿಟ್ಟಿದ್ದೆ? ಹೊಸಬಳಾ ನೀನು?" ಎಂದು ಬಾಯಿಗೆ ಬಂದಂತೆ ಬೈದೆ. ಅವಳು ಅಳಲಿಲ್ಲ, ಅದರಿಂದ ನನಗೆ ಇನ್ನಷ್ಟು ಸಂಕಟವಾಯಿತು. ಖಾಲಿ ತಟ್ಟೆ ಅವಳ ಕೈಯಲ್ಲೇ ಇತ್ತು.

ಅಷ್ಟರಲ್ಲಿ ಅವಳ ಅಮ್ಮನ ಫೋನು ಬಂತು. ಕೈಗವಸು ಬಿಚ್ಚದೆ ಸ್ಪೀಕರ್ ಒತ್ತಿದಳು.

"ಗೊತ್ತಾಯ್ತೇನೇ?"

"ಇಲ್ಲಮ್ಮ. ಇನ್ನು ಗೊತ್ತಾಗೋದೂ ಇಲ್ಲ. ಆಸೆಗೆ ದೀಪ ಹಾಕಿ ಅವನ್ನ ನೋಡ್ಬಿಟ್ಟೆ. ನಾನೇ ಎಲ್ಲ ಹಾಳು ಮಾಡ್ದೆ."

ಈ ಮುದುಕಿಯೂ ಬೈಯುತ್ತಾಳೆ ಎಂದುಕೊಂಡೆ.

"ನೋಡಿದ್ಯಾ?" ಎಂದಳು ಅಮ್ಮ. "ಹೇಗಿದ್ದ?"