ಹಿಂದೆ ಅಗಲವಾದ ಯಂತ್ರ ಬರುತ್ತಿದೆ

ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು. ಅಕ್ಷರ ಸೊಟ್ಟಗಿದ್ದರೆ ನನಗೆ ಊಟ ಸೇರುವುದಿಲ್ಲ. ಗುಂಡ್ಲುಪೇಟೆಯ ಅಂಗಡಿ ಬೋರ್ಡುಗಳ ಮುಂದೆ ನಿಂತು ಗೊಣಗುವುದನ್ನು ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ. ಹಾಗಾಗಿ ನಾನೇ ಬರೆದ ಒಂದು ಬೋರ್ಡಿಗೆ ಒದಗಿದ ಗತಿಯನ್ನು ಹೇಳಿಕೊಳ್ಳಲು ಇಷ್ಟು ದಿನ ಹಿಡಿಯಿತು.

ಉಡಿಗಾಲದಲ್ಲಿ ನನ್ನ ಅಕ್ಕ ಇದ್ದಾಳೆ. ಭಾವ ತೀರಿಕೊಂಡ ಮೇಲೆ ಎರಡೂವರೆ ಎಕರೆಯ ಬೇಸಾಯ ಅವಳದೇ. ಹೋದ ವರ್ಷ ಊರಿಗೆ ರಾಗಿ ಕಟಾವಿನ ಮಿಷನ್ ಬಂದಾಗ ಎದುರುಮನೆಯ ಹೆಂಗಸು, "ನಮ್ದೊಂದ್ ಆಗ್ಲಿ ಕಣಕ್ಕ, ಆಮೇಲ್ ನಿಮ್ದು" ಎಂದಿದ್ದಳು. ಅವರದು ಆದ ಮೇಲೆ ಅವಳ ಮೈದುನನದು, ಮೈದುನನದಾದ ಮೇಲೆ ಮೈದುನನ ಬೀಗರದು. ಅಕ್ಕನ ಸರದಿ ಬರುವಷ್ಟರಲ್ಲಿ ಮಳೆ ಹೊಡೆದು, ರಾಗಿ ಮಲಗಿ, ತೆನೆಯಲ್ಲೇ ಮೊಳಕೆ ಒಡೆಯಿತು. ಅಕ್ಕ ಯಾರಿಗೂ ಏನೂ ಅನ್ನಲಿಲ್ಲ. ನನಗೆ ಮಾತ್ರ ಹೊಟ್ಟೆ ಉರಿದುಹೋಯಿತು. ಈ ವರ್ಷ ಊರಲ್ಲಿ ಮೊದಲ ಕೊಯ್ಲು ನಿನ್ನದೇ, ಮಿಷನ್ ನಾನೇ ತರುತ್ತೇನೆ ಎಂದು ಅವಳಿಗೆ ಮಾತು ಕೊಟ್ಟೆ.

ಗುಂಡ್ಲುಪೇಟೆಯ ಹತ್ತಿರ ಕೆಲಸ ಮಾಡುತ್ತಿದ್ದ ಒಂದು ಮಿಷನ್ ಸಿಕ್ಕಿತು. ಡ್ರೈವರು ತಮಿಳಿನವನು. ಮೂರು ದಿನ ಬಿಟ್ಟು ಬರಲು ಒಪ್ಪಿದ; ಅದರ ಮಾರನೆಯ ಬೆಳಗ್ಗೆ ಪುಣಜನೂರಿನ ಮೇಲೆ ಘಾಟಿ ಇಳಿದು ತಮಿಳುನಾಡಿಗೆ ಹೋಗಬೇಕಾದವನು, ನಮಗೆ ಒಂದೇ ದಿನ ಕೊಟ್ಟ. ಮಿಷನ್ನಿನ ಮುಂದಿನ ಕಟಾವಿನ ಬಾಯಿ ರಸ್ತೆಯ ಮುಕ್ಕಾಲು ಪಾಲು ತಿನ್ನುತ್ತದೆ; ಆದ್ದರಿಂದ ಎಚ್ಚರಿಕೆ ಕೊಡಲು ಮುಂದೆ ಒಂದು ಗಾಡಿ ಹೋಗಲೇಬೇಕು ಎಂದು ಷರತ್ತು ಹಾಕಿದ. ನನ್ನ ಹಳೇ ವ್ಯಾನ್ ಇದೆಯಲ್ಲ ಎಂದೆ.

ಎರಡು ದಿನ ಕೂತು ಬೋರ್ಡು ಬರೆದೆ. ಹಳದಿ ನೆಲ, ಕಪ್ಪು ಅಕ್ಷರ, ಅಂಚಿಗೆ ಕೆಂಪು ಪಟ್ಟೆ. ಮೇಲೆ 'ಎಚ್ಚರಿಕೆ', ಕೆಳಗೆ 'ಹಿಂದೆ ಅಗಲವಾದ ಯಂತ್ರ ಬರುತ್ತಿದೆ'. 'ತ್ತಿ'ಯ ಒತ್ತಿಗೇ ಅರ್ಧ ದಿನ ಹೋಯಿತು. ವ್ಯಾನಿನ ಮೇಲೆ ಕೂರಿಸಿ ಕೈಯಲ್ಲೇ ತಿರುಗಿಸುವ ನಾಲ್ಕು ನಟ್ಟು ಹಾಕಿದೆ, ಬೇಕಾದಾಗ ಬಿಚ್ಚಬಹುದು. ಬಿಚ್ಚುವ ಏರ್ಪಾಡು ನನ್ನ ಹೆಂಡತಿಯ ಆಜ್ಞೆ. "ಇದನ್ನ ತಲೆ ಮೇಲೆ ಹೊತ್ಕೊಂಡು ನನ್ನ ಬೀಗರ ಮನೆಗೆ ಕರ್ಕೊಂಡು ಹೋಗೋದಾದ್ರೆ ನಾನು ಬಸ್ಸಲ್ಲೇ ಹೋಗ್ತೀನಿ" ಎಂದಿದ್ದಳು.

ಬೆಳಗ್ಗೆ ಎಂಟಕ್ಕೆ ಹೊರಟೆವು. ಅಕ್ಕನಿಗೆ ಫೋನ್ ಮಾಡಿ, "ಹಳದಿ ಬೋರ್ಡ್ ಕಂಡ್ರೆ ಮಿಷನ್ ಬಂತು ಅಂತಾನೇ ತಿಳ್ಕೊ" ಎಂದೆ. ಪೇಟೆ ದಾಟುವವರೆಗೆ ಬೋರ್ಡು ಚೆನ್ನಾಗಿಯೇ ದುಡಿಯಿತು. ಈರುಳ್ಳಿ ಲಾರಿಗಳು ಪಕ್ಕಕ್ಕೆ ಸರಿದವು, ಕೇರಳದ ಕಾರೊಂದು ನಿಂತೇಬಿಟ್ಟಿತು. ನಾನು ಸೀಟಿನಲ್ಲಿ ಎದೆ ಉಬ್ಬಿಸಿಕೊಂಡು ಕೂತೆ.

ತೆರಕಣಾಂಬಿ ದಾಟಿದ ಮೇಲೆ ಶುರುವಾಯಿತು. ಅದು ಹುರುಳಿ ಕಿತ್ತ ಕಾಲ. ಹುರುಳಿ ಗಿಡವನ್ನು ಡಾಂಬರು ರಸ್ತೆಗೆ ಹರವಿ, ಬಸ್ಸು ಲಾರಿಗಳ ಚಕ್ರಕ್ಕೆ ಒಕ್ಕಲು ಬಿಡುವುದು ನಮ್ಮ ಕಡೆಯ ಪದ್ಧತಿ. ತಪ್ಪೆಂದು ಎಲ್ಲರಿಗೂ ಗೊತ್ತು, ಎಲ್ಲರೂ ಮಾಡುತ್ತಾರೆ. ಬೋರ್ಡು ಓದಿದರೆ ಹುರುಳಿ ಬಾಚಿಕೊಂಡು ದಾರಿ ಬಿಡುತ್ತಾರೆ ಎಂದುಕೊಂಡಿದ್ದೆ. ಇಷ್ಟು ವರ್ಷ ಪಾಠ ಹೇಳಿದ ದಡ್ಡ ನಾನು.

ಮೊದಲ ಹಳ್ಳಿಯಲ್ಲಿ ರಸ್ತೆ ಪಕ್ಕದ ಹೆಂಗಸೊಬ್ಬಳು ನನ್ನ ಬೋರ್ಡನ್ನು ಒಂದೊಂದೇ ಅಕ್ಷರ ಓದಿದಳು. ಓದಿ, ಬೀದಿಯ ಕಡೆ ತಿರುಗಿ ಕೂಗಿದಳು: "ಅಗಲವಾದ್ ಮಿಷನ್ ಬತ್ತದಂತೆ, ಇರೋದ್ನೆಲ್ಲ ತಂದ್ ಅರವ್ರಲಾ." ನನ್ನ ವ್ಯಾನಿಗೂ ಹಿಂದಿದ್ದ ಮಿಷನ್ನಿಗೂ ನಡುವಿನ ಜಾಗದಲ್ಲಿ ಇಡೀ ಬೀದಿ ಹುರುಳಿ ತಂದು ಸುರಿಯಿತು. ದಿನಾ ಅರ್ಧ ರಸ್ತೆ ಬಿಡುತ್ತಿದ್ದವರು, ಅಗಲವಾದದ್ದು ಬರುತ್ತಿದೆ ಎಂದು ಅಂಚಿನಿಂದ ಅಂಚಿಗೆ ಹರವಿದರು. ಇಳಿದು ಹೋಗಿ ಕೂಗಾಡಿದೆ. ಒಬ್ಬ ಮುದುಕ ಸಮಾಧಾನವಾಗಿ, "ಬೋರ್ಡ್ ಆಕ್ಕೊಂಡ್ ಏಳ್ಕೊಂಡ್ ಬಂದೋರು ನೀವೇ ಅಲ್ವಾ ಮೇಷ್ಟ್ರೇ?" ಎಂದ. ನನ್ನನ್ನು ಅವನು ಹಿಂದೆಂದೂ ನೋಡಿರಲಿಲ್ಲ. ನಾನು ಬೈಯುವ ವರಸೆಯಲ್ಲೇ ಗೊತ್ತಾಗಿರಬೇಕು.

ಡ್ರೈವರು ನನ್ನ ಪಕ್ಷ ವಹಿಸಲಿಲ್ಲ. ಮಿಷನ್ ಹತ್ತಿಸಿದ. "ಇನ್ನೊಂದ್ ಸಲ ಇಂದಕ್ ತಗೊಳಪ್ಪ" ಎಂದರೆ ಹಿಂದಕ್ಕೂ ತೆಗೆದುಕೊಂಡ. ಬೇಯಿಸಿದ ಅವರೆಕಾಯಿ, ಮಜ್ಜಿಗೆ ಬಂತು. "ನಲ್ಲ ಊರು ಸಾರ್" ಎಂದು ಊರನ್ನು ಹೊಗಳಿ ನನಗೂ ಒಂದು ಹಿಡಿ ಕೊಟ್ಟ. ಚಕ್ರಕ್ಕೆ ಸುತ್ತಿಕೊಂಡ ಬಳ್ಳಿ ಬಿಡಿಸಿ ಹೊರಡುವಷ್ಟರಲ್ಲಿ ಸುದ್ದಿ ಫೋನಿನಲ್ಲಿ ಮುಂದಿನ ಹಳ್ಳಿ ಮುಟ್ಟಿತ್ತು. ಅಲ್ಲಿ ಬೋರ್ಡು ಓದುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ, ದೂರದಿಂದ ಹಳದಿ ಕಂಡದ್ದೇ ಹರವಿದರು.

ಒಂದು ಗಂಟೆಗೆ ಅಕ್ಕ ಫೋನ್ ಮಾಡಿದಳು. "ಎಲ್ಲಿದ್ದೀಯಪ್ಪ?" "ಬಂದೆ ಕಣಕ್ಕ." "ಮೋಡ ಆಯ್ತಾ ಅದೆ" ಎಂದಷ್ಟೇ ಹೇಳಿ ಇಟ್ಟಳು. ನನಗೆ ಹೋದ ವರ್ಷದ ಮೊಳಕೆ ರಾಗಿ ಕಣ್ಣೆದುರು ಬಂತು. ವ್ಯಾನ್ ನಿಲ್ಲಿಸಿ ನಾಲ್ಕೂ ನಟ್ಟು ಬಿಚ್ಚಿ, ಬೋರ್ಡನ್ನು ಹಿಂದಿನ ಸೀಟಿನ ಕೆಳಗೆ ಬೋರಲು ಹಾಕಿದೆ. ಆಮೇಲೆ ಯಾರೂ ನಮ್ಮನ್ನು ತಿರುಗಿಯೂ ನೋಡಲಿಲ್ಲ. ಬರಿಯ ಹಳೇ ವ್ಯಾನೊಂದು ಹೋಯಿತೆಂದು ಸುಮ್ಮನಿದ್ದರು; ಮಿಷನ್ ಕಂಡು ಎದ್ದು ಪರದಾಡುವಷ್ಟರಲ್ಲಿ ಅದು ದಾಟಿರುತ್ತಿತ್ತು. ನನ್ನ ಜೀವಮಾನದ ಅತ್ಯುತ್ತಮ ಅಕ್ಷರಗಳು ಸೀಟಿನ ಕೆಳಗೆ ಮಲಗಿ ಕೆಲಸ ಮಾಡಿದವು. ಎರಡೂವರೆಗೆ ಉಡಿಗಾಲ ಸಿಕ್ಕಿತು.

ಊರ ಹೊರಗೆ ಹುಣಸೆಮರದ ಕೆಳಗೆ ಅಕ್ಕ ನಿಂತಿದ್ದಳು. ಬೆಳಗಿನಿಂದ ಅಲ್ಲೇ ಇದ್ದಳೆಂದು ಆಮೇಲೆ ತಿಳಿಯಿತು. ಅವಳು ನನ್ನ ಮುಖ ನೋಡಲಿಲ್ಲ, ವ್ಯಾನಿನ ತಲೆ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಸೆರಗು ಸರಿಮಾಡಿಕೊಂಡು ಮನೆಯ ಕಡೆ ತಿರುಗಿ ನಡೆದಳು. ಆ ಬೆನ್ನು ನೋಡಿ ನನಗೆ ಅಳು ಬಂತು. ಹಾರ್ನ್ ಹೊಡೆದೆ, ತಿರುಗಲಿಲ್ಲ. ಅಷ್ಟರಲ್ಲಿ ಹಿಂದಿನ ತಿರುವಿನಿಂದ ಮಿಷನ್ನಿನ ಸದ್ದು ಕೇಳಿತು. ನಿಂತಳು.

"ಬೋರ್ಡ್ ಎಲ್ಲೋ?"

"ಬಿಚ್ಚಿಟ್ಟಿದ್ದೀನಿ ಕಣಕ್ಕ. ಕಂಡ್ರೆ ಹುರುಳಿ ತಂದು ಹಾಕ್ತಾರೆ."

"ಆಕ್ಲಿ. ಕಟ್ಟು."

ಕಟ್ಟಿದೆ. ಅಕ್ಕ ಮುಂದಿನ ಸೀಟಿಗೆ ಹತ್ತಿ ಕೂತಳು. ಊರ ಬೀದಿಯಲ್ಲಿ ನಿಧಾನಕ್ಕೆ ಹೊರಟೆವು. ಎದುರುಮನೆಯ ಮುಂದೆ ನಾನು ಅಂದುಕೊಂಡಿದ್ದೇ ಆಯಿತು. ಬೋರ್ಡು ಕಂಡ ಆ ಹೆಂಗಸು ಮನೆಮಂದಿಯನ್ನೆಲ್ಲ ಕರೆದು ರಸ್ತೆ ತುಂಬ ಹುರುಳಿ ಹರವಿಸಿದ್ದಳು. ವ್ಯಾನಿನೊಳಗೆ ಯಾರಿದ್ದಾರೆಂದು ಆಮೇಲೆ ನೋಡಿದಳು. ನಾನು ಬೈಯಲು ಬಾಯಿ ತೆರೆದೆ. ಅಕ್ಕ ನನ್ನ ತೋಳು ಹಿಡಿದು ನಿಲ್ಲಿಸಿದಳು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಸಿಟ್ಟಿಲ್ಲದೆ, ಕ್ಷೇಮ ವಿಚಾರಿಸುವ ದನಿಯಲ್ಲೇ ಹೇಳಿದಳು:

"ನಿಮ್ದೊಂದ್ ಆಗ್ಲಿ ಕಣವ್ವ, ಆಮೇಲ್ ನಮ್ದು."

ಆ ಹೆಂಗಸು ಬಗ್ಗಿ, ಎರಡೂ ಕೈಯಲ್ಲಿ ಹುರುಳಿಯನ್ನು ಬಾಚಿ ಪಕ್ಕಕ್ಕೆ ಎಳೆಯತೊಡಗಿದಳು. "ಬ್ಯಾಡ ಕಣಕ್ಕ, ನೀವ್ ಓಗಿ" ಎಂದಳು, ತಲೆ ಎತ್ತದೆ. ಆವತ್ತು ಅಷ್ಟು ದೂರದ ದಾರಿಯಲ್ಲಿ ಹುರುಳಿ ಬಾಚಿ ದಾರಿ ಬಿಟ್ಟವಳು ಅವಳೊಬ್ಬಳೇ, ಅದೂ ನನ್ನ ಅಕ್ಷರ ನೋಡಿ ಅಲ್ಲ.

ಅಕ್ಕನ ರಾಗಿ ಮೂಟೆಗೆ ತುಂಬಿ ಮುಗಿದಾಗ ಇನ್ನೂ ಬೆಳಕಿತ್ತು.