ಮಾವನವರು ಕೇಳಿದ ಗೋಡೆ

ನಮ್ಮ ಮಾವ ಶಿವಶಂಕರಪ್ಪನವರ ಬಾಯಿಂದ ಒಂದು ಹೊಲಸು ಮಾತು ಬಿದ್ದದ್ದನ್ನು ರಾಯಿಕೋಡ್ ಸುತ್ತಮುತ್ತ ಯಾರೂ ಕೇಳಿಲ್ಲ. ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅದೊಂದು ದೊಡ್ಡ ಗುಣ ಎಂದುಕೊಂಡಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ. ಹಿತ್ತಲಲ್ಲಿ ಟೈಲ್ಸ್ ಹಾಕಿಸಿ ಸಂಡಾಸ ಕಟ್ಟಿಸಿದವರು ಅವರೇ, ಆದರೆ ಅದರ ಹೆಸರನ್ನು ಮೊನ್ನೆಯವರೆಗೆ ಒಂದು ದಿನವೂ ಎತ್ತಿದವರಲ್ಲ. "ಜರಾ ಕೈಕಾಲು ತೊಳಕೊಂಡು ಬರ್ತೀನಿ" ಎಂದು ಎದ್ದು ಹೋಗುತ್ತಾರೆ. ನಮ್ಮ ಅತ್ತೆ ರುಕ್ಮಿಣಿಬಾಯಿ ಅವರ ಬೆನ್ನ ಹಿಂದೆ, "ಎಷ್ಟ ತೊಳೀತಾರ ನೋಡವಾ, ಒಂದಿನ ಈ ಮನುಷ್ಯಾನ ಕೈಕಾಲೇ ಸವದು ಹೋಗ್ತಾವ" ಎಂದು ನಗುತ್ತಾರೆ.

ಮಾವನವರಿಗೆ ರಾಯಿಕೋಡಿನಲ್ಲಿ ಬೀಜ-ಗೊಬ್ಬರದ ಅಂಗಡಿ, ಊರಲ್ಲಿ ತೊಗರಿ ಹೊಲ. ಆದರೆ ಅವರ ಹೆಸರು ಇರುವುದು ಅಂಗಡಿಯಿಂದಲ್ಲ, ಮಾತಿನಿಂದ. ನಮ್ಮದು ತೆಲುಗು ಸೀಮೆಗೆ ಸೇರಿದ ಗಡಿಯ ಊರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ದಖ್ಖನಿ, ಕಚೇರಿಯಲ್ಲಿ ತೆಲುಗು. ಒಂದು ಕಾಲಕ್ಕೆ ತಹಶೀಲ್ದಾರ ಬಂದರೆ ಮಾವನವರ ತಂದೆ ಊರಿನ ಪರವಾಗಿ ಉರ್ದುವಿನಲ್ಲಿ ಮಾತಾಡುತ್ತಿದ್ದರಂತೆ. ಆಮೇಲೆ ಅಧಿಕಾರಿಗಳ ಮಾತು ತೆಲುಗಾಯಿತು, ಕೆಲಸ ಮಗನ ಕೈಗೆ ಬಂತು. ಯಾವ ಸಾಹೇಬ ಬರಲಿ, ಯಾವ ಲೀಡರ್ ಬರಲಿ, ಊರವರು ಹೇಳಬೇಕಾದ್ದನ್ನು ಕನ್ನಡದಲ್ಲಿ ಹೇಳುತ್ತಾರೆ; ಮಾವನವರು ಪಕ್ಕದಲ್ಲಿ ನಿಂತು ಅದನ್ನು ತೆಲುಗಿಗೆ ತಿರುಗಿಸುತ್ತಾರೆ. ಸಾಹೇಬರು ಹೇಳಿದ್ದನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ಊರವರಿಗೆ ಹೇಳುತ್ತಾರೆ. ಹಿರಿಯರ ಬಾಯಿಂದ ಬಂದರೆ ಮಾತಿಗೆ ತೂಕ ಅಂತ ನಮ್ಮಲ್ಲಿ ರೂಢಿ.

ತಿರುಗಿಸುವಾಗ ಮಾವನವರು ಮಾತನ್ನು ಜರಡಿ ಹಿಡಿಯುತ್ತಿದ್ದರು. ಒಮ್ಮೆ ಕರೆಂಟಿನ ಸಾಹೇಬ ಬಂದಾಗ ನಮ್ಮ ಮಾಳಿಂಗಪ್ಪ ಕಾಕಾ, ಸುಟ್ಟುಹೋದ ಮೋಟಾರಿನ ಸಿಟ್ಟಿಗೆ, ಆ ಸಾಹೇಬನ ಅವ್ವ ಅಪ್ಪ ಇಬ್ಬರನ್ನೂ ಜಾಲಾಡಿಬಿಟ್ಟ. ಮಾವನವರು ತಣ್ಣಗೆ ತೆಲುಗಿನಲ್ಲಿ, "ಈ ಹಿರಿಯರು ತಮ್ಮ ತಂದೆ ತಾಯಿ ಆರೋಗ್ಯ ವಿಚಾರಿಸ್ತಿದ್ದಾರೆ" ಎಂದರು. ಸಾಹೇಬ ಕೈ ಮುಗಿದ. ಕಟ್ಟೆಯ ಮೇಲಿದ್ದವರು ಟವೆಲ್ಲು ಬಾಯಿಗೆ ತುರುಕಿಕೊಂಡು ನಕ್ಕರು. ಬೈಗುಳ ಕೊಟ್ಟರೆ ಹೋಳಿಗೆ ಮಾಡಿ ಬಡಿಸ್ತಾರೆ ಶಿವಶಂಕರಪ್ಪ ಎಂದು ಊರು ಹಾಡಿ ಹೊಗಳಿತು. ನಾನೂ ತವರಿಗೆ ಹೋದಾಗ ಇದನ್ನು ಹೇಳಿಕೊಂಡು ಮೆರೆದಿದ್ದೇನೆ.

ಹಿಂದಿನ ಅಸೆಂಬ್ಲಿ ಎಲೆಕ್ಷನ್ ಬಂತು. ಓಟು ಕೇಳಲು ಲೀಡರ್ ಬರುತ್ತಾರೆ ಎಂದು ಗೊತ್ತಾದಾಗ ಊರವರು ಬಸವಣ್ಣನ ಗುಡಿ ಕಟ್ಟೆಗೆ ಸೇರಿದರು. ಪ್ರತಿ ಸಲ ಮಾರುದ್ದ ಬೇಡಿಕೆ ಹೇಳಿ ಒಂದೂ ಆಗದೆ ಊರು ಬೇಸತ್ತಿತ್ತು. ಈ ಸಲ ಒಂದೇ ಕೇಳುವುದು, ಒಂದನ್ನೇ ಹಿಡಿಯುವುದು ಎಂದು ಮಾವನವರೇ ಸೂಚಿಸಿದರು. ಆದರೆ ಆ ಒಂದು ಯಾವುದು? ಅಲ್ಲಿಂದ ಶುರುವಾಯಿತು ನೋಡಿ.

"ಭವನ ಕೇಳ್ರಿ. ಲಗ್ನ ಮಾಡಾಕ ಜಾಗಾ ಇಲ್ಲ, ಬೀಗರ ಮುಂದ ಮಾನ ಹೋಗ್ತದ" ಎಂದ ಮಾಳಿಂಗಪ್ಪ ಕಾಕಾ.

ನನ್ನ ಗಂಡ ಲಿಂಗರಾಜ ಜಹೀರಾಬಾದಿನ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಅವರದು ಬೇರೆ ರಾಗ. "ಊರ ಹುಡುಗ್ರಿಗೆ ಕೆಲಸ ಮದಲ. ಕೆಲಸ ಇಲ್ಲದವಗ ಹೆಣ್ಣ ಯಾರು ಕೊಡ್ತಾರ? ಹೆಣ್ಣೇ ಸಿಗದಿದ್ರ ಭವನದಾಗ ಏನು ತೊಗರಿ ಒಣಗ್ಸತೀರಿ?"

ಪಸ್ತಾಪುರದ ಮಹಿಳಾ ಸಂಘಕ್ಕೆ ಹೋಗಿಬರುವ ಹೆಂಗಸರು ಕದ್ದು ಸೆರೆ ಮಾರುವ ಬೆಲ್ಟ್ ಶಾಪ್ ಮುಚ್ಚಿಸಬೇಕು ಎಂದರು. ಅದಕ್ಕೆ ಕುಡುಕ ಬಕ್ಕಪ್ಪ ಎದ್ದುನಿಂತು, "ಮುಚ್ರಿ, ನನ್ನದೇನು ತಕರಾರಿಲ್ಲ. ಖರೇ, ಮುಚ್ಚೂ ಮದಲ ನನಗೊಂದು ಮಾತು ಹೇಳ್ರಿ" ಎಂದು ಕೈ ಮುಗಿದ. ಎಲ್ಲರೂ ಗೊಳ್ಳೆಂದು ನಕ್ಕರು.

ಆಗ ಭೂದೇವಿ ಎದ್ದಳು. ಅವಳು ದಲಿತರ ಓಣಿಯವಳು, ನಮ್ಮ ಹೊಲಕ್ಕೂ ಕೆಲಸಕ್ಕೆ ಬರುತ್ತಾಳೆ, ಉಳಿದ ದಿನ ಜಹೀರಾಬಾದಿನಲ್ಲಿ ಸೊಪ್ಪು ಮಾರುತ್ತಾಳೆ. ಒಬ್ಬಳೇ ಮಗಳು ರಮಾ ಊರ ಹೈಸ್ಕೂಲಿನಲ್ಲಿ ಆಗ ಒಂಬತ್ತನೇ ಕ್ಲಾಸು. ಹತ್ತನೇ ಪಾಸಾದರೆ ಅವರ ಮನೆತನದಲ್ಲಿ ಪಾಸಾದ ಮೊದಲ ಹುಡುಗಿ.

"ಶಾಲ್ಯಾಗ ಹುಡುಗ್ಯಾರಿಗೆ ಸಂಡಾಸ ಇಲ್ರಿ" ಎಂದಳು ಭೂದೇವಿ. "ಇದ್ದದ್ದೊಂದಕ್ಕ ಮಾಸ್ತರ್ರು ಕೀಲಿ ಹಾಕ್ಯಾರ. ಹಿಂದಿನ ಜಾಲಿ ಕಂಟಿಗೆ ಹೋಗ್ತಾವ ಪಾಪ. ಮುಟ್ಟಾದ್ರ ಶಾಲಿ ಬಿಟ್ಟು ಮನ್ಯಾಗೇ ಕುಂದರತಾವ. ಹಿಂಗಾದ್ರ ಪಾಸ್ ಹ್ಯಾಂಗ ಆಗ್ತಾವ?"

ಕಟ್ಟೆಯ ಗಂಡಸರು ನೆಲ ನೋಡಿದರು. ಮಾಳಿಂಗಪ್ಪ ಕಾಕಾ ಮಾತ್ರ, "ಸಂಡಾಸದ ಸಲುವಾಗಿ ಓಟ್ ಹಾಕ್ತಾರೇನಬೇ?" ಎಂದ.

"ನಿಮ್ಮ ಭವನದಾಗ ವರ್ಷಕ್ಕ ನಾಕು ಲಗ್ನ ಆಗ್ತಾವ್ರಿ ಕಾಕಾ. ಇದು ಹುಡುಗ್ಯಾರಿಗೆ ದಿನಾ ಬೇಕ್ರಿ."

ಹೆಂಗಸರೆಲ್ಲ ಭೂದೇವಿಯ ಕಡೆ ಆದರು. ಬಕ್ಕಪ್ಪ ಕೂಡ ಖುಷಿಯಿಂದ ಆದ, ಅವನು ಕುಡಿಯುವ ಅಂಗಡಿ ಉಳಿಯಿತಲ್ಲ. ಮಾವನವರು ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡು, "ಆಕಿ ಅನ್ನೂದು ಖರೇ ಅದ. ಅದನ್ನೇ ಕೇಳೂದು" ಎಂದು ತೀರ್ಮಾನ ಹೇಳಿದರು. ಅವರು ಮನಸಾರೆ ಒಪ್ಪಿದ್ದರು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಆದದ್ದು ಕಪಟದಿಂದ ಆದದ್ದಲ್ಲ.

ಲೀಡರ್ ಬಂದರು. ಮೈಕು, ಹಾರ, ವಿಡಿಯೋ ಹಿಡಿಯುವ ಹುಡುಗರು. ಭೂದೇವಿ ಮೈಕಿನ ಮುಂದೆ ನಿಂತು, ಕಟ್ಟೆಯ ಮೇಲೆ ಹೇಳಿದ್ದನ್ನೇ ಕನ್ನಡದಲ್ಲಿ ಹೇಳಿದಳು. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಲೀಡರ್ ಮಾವನವರ ಕಡೆ ತಿರುಗಿದರು. ಮಾವನವರ ಕಿವಿ ಕೆಂಪಾದದ್ದನ್ನು ನಾನು ಹೆಂಗಸರ ಸಾಲಿನಿಂದ ಕಂಡೆ. ಆಮೇಲೆ ಮೈಕಿಗೆ ಬಗ್ಗಿ ಹೇಳಿದರು: "ಸಾರ್, ಬಡಿಕಿ ಪ್ರಹರಿ ಗೋಡ ಕಾವಾಲಿ. ಆಡಪಿಲ್ಲಲಕು ರಕ್ಷಣ ಕಾವಾಲಿ ಅಂಟುನ್ನದಿ."

ಶಾಲೆಗೆ ಕಾಂಪೌಂಡ್ ಗೋಡೆ ಬೇಕು, ಹೆಣ್ಣುಮಕ್ಕಳಿಗೆ ರಕ್ಷಣೆ ಬೇಕು ಅಂತಾಳೆ!

ಈಗ ನಾಚಿಕೆ ಬಿಟ್ಟು ಒಂದು ಮಾತು ಹೇಳಬೇಕು. ನಮ್ಮ ಊರಲ್ಲಿ ತೆಲುಗು ಬಾರದವರು ಯಾರೂ ಇಲ್ಲ. ಶಾಲೆ ತೆಲುಗು, ಬಸ್ಸು ತೆಲುಗು, ಟಿವಿ ತೆಲುಗು. ಜಹೀರಾಬಾದಿನ ಮಾರ್ಕೆಟ್ಟಿನಲ್ಲಿ ಭೂದೇವಿ ತೆಲುಗಿನಲ್ಲಿ ಜಗಳಕ್ಕೆ ನಿಂತರೆ ವ್ಯಾಪಾರಿಗಳು ತಕ್ಕಡಿ ಎತ್ತಿಕೊಂಡು ಓಡಬೇಕು. ಮಾವನವರು ತಿರುಗಿಸಿ ಹೇಳುವುದು ರೂಢಿಗೆ, ಗೌರವಕ್ಕೆ. ಅಂದರೆ ಅವತ್ತು ಆ ಕಟ್ಟೆಯ ಸುತ್ತ ನಿಂತ ಇಡೀ ಊರಿಗೆ, ಏನು ಕೇಳಬೇಕಿತ್ತು, ಏನು ಕೇಳಿದರು ಎಂದು ಗೊತ್ತಾಯಿತು. ಭೂದೇವಿಗೂ ಗೊತ್ತಾಯಿತು. ಅವಳು ಒಮ್ಮೆ ಮಾವನವರ ಮುಖ ನೋಡಿದಳು, ಮೈಕು ಬಿಟ್ಟು ಹಿಂದೆ ಸರಿದಳು. ಯಾರೂ ಉಸಿರೆತ್ತಲಿಲ್ಲ. ನಾನೂ ಎತ್ತಲಿಲ್ಲ. ಹಿರಿಯರ ಮಾತು ನಡುವೆ ಕಡಿಯಬಾರದಲ್ಲ!

ನಮ್ಮ ದುರ್ದೈವಕ್ಕೆ ಆ ಲೀಡರ್ ಗೆದ್ದರು. ಇನ್ನೂ ದೊಡ್ಡ ದುರ್ದೈವ, ಕೊಟ್ಟ ಮಾತು ಉಳಿಸಿಕೊಂಡರು. ಬೇಸಿಗೆ ರಜೆಯಲ್ಲಿ ಶಾಲೆಯ ಸುತ್ತ ಗೋಡೆ ಎದ್ದಿತು. ಎತ್ತರದ ಗೋಡೆ, ಮೇಲೆ ಗಾಜಿನ ಚೂರು, ಮುಂದೆ ಕಬ್ಬಿಣದ ಗೇಟು. ಹಿಂದಿನ ಜಾಲಿ ಕಂಟಿ ಗೋಡೆಯ ಆಚೆಗೆ ಹೋಯಿತು. ಹೆಣ್ಣುಮಕ್ಕಳ ರಕ್ಷಣೆಗೆಂದೇ ಕಟ್ಟಿಸಿದ ಗೋಡೆ ಎಂದು ಹೆಡ್‌ಮಾಸ್ತರು ಬೆಲ್ಲು ಹೊಡೆದ ಕೂಡಲೇ ಗೇಟಿಗೆ ಬೀಗ ಹಾಕಿಸಲು ಶುರುಮಾಡಿದರು. ಉದ್ಘಾಟನೆಯ ದಿನ ಊರಿಗೆ ಗೋಡೆ ತಂದ ಹಿರಿಯರು ಎಂದು ಮಾವನವರಿಗೆ ಶಾಲು ಹೊದಿಸಿದರು. ವೇದಿಕೆಯಿಂದ ಕೆಳಗಿಳಿದು ಬರುವಾಗ ಭೂದೇವಿ ಎದುರಾದಳು. "ಗ್ವಾಡಿ ಚಂದ ಆಗ್ಯದ್ರಿ ಅಪ್ಪಾ" ಎಂದಳು. ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಮಾವನವರಿಗೆ ಸುಲಭವಾಗುತ್ತಿತ್ತು. ಮನೆಗೆ ಬಂದು ಆ ಶಾಲನ್ನು ಟ್ರಂಕಿನ ತಳಕ್ಕೆ ಹಾಕಿದರು, ಮತ್ತೆ ತೆಗೆಯಲಿಲ್ಲ.

ಮಳೆಗಾಲದಲ್ಲಿ ತೊಗರಿ ಕಳೆಗೆ ಆಳು ಹಚ್ಚಿದ್ದೆವು. ನಾನು ಬುತ್ತಿ ಒಯ್ದಾಗ ಮಾವನವರು ಬದುವಿನ ಮೇಲೆ ನಿಂತಿದ್ದರು. ಸಾಲಿನಲ್ಲಿ ಭೂದೇವಿಯ ಪಕ್ಕ, ಕೈಯಲ್ಲಿ ಕುರ್ಪಿ ಹಿಡಿದು ರಮಾ ಕೂತಿದ್ದಳು.

"ಇವತ್ತು ಶಾಲಿ ಸೂಟಿ ಏನವಾ?" ಎಂದು ಕೇಳಿದರು ಮಾವನವರು.

ಹುಡುಗಿ ಕಳೆ ಕೀಳುತ್ತಲೇ ಇದ್ದಳು. ಭೂದೇವಿಯೇ ಹೇಳಿದಳು. "ಬಿಡಸೀನ್ರಿ ಅಪ್ಪಾ. ಗೇಟಿಗೆ ಕೀಲಿ ಹಾಕ್ತಾರ, ಹೊರಗ ಹೋಗಾಕ ಬರಂಗಿಲ್ಲ. ಸಂಜೀತನ ತಡೀಬೇಕಂತ ನೀರೇ ಕುಡೀಲಿಲ್ಲ ಹುಡುಗಿ. ಉರಿ ಹತ್ತಿ ಜ್ವರ ಬಂತು. ಜೀವಕ್ಕಿಂತ ಶಾಲಿ ದೊಡ್ಡದೇನ್ರಿ?"

ಮಾವನವರು ಬುತ್ತಿ ಬಿಚ್ಚಲಿಲ್ಲ. ಮನೆಯ ದಾರಿ ಹಿಡಿದಾಗ ನಾನೂ ಹಿಂದೆ ನಡೆದೆ. ಹಳ್ಳ ದಾಟಿದ ಮೇಲೆ, ಹಿಂತಿರುಗಿ ನೋಡದೆ ಕೇಳಿದರು.

"ಆಕಿಗಿ ತೆಲುಗು ಬರ್ತದಲ್ಲ, ರಾಜೇಶ್ವರಿ?"

"ಬರ್ತದ್ರಿ ಮಾವಾ. ಊರಿಗೆಲ್ಲ ಬರ್ತದ."

"ಅಂದ್ರ ಅವತ್ತು..."

"ಹೂಂ ರಿ. ಎಲ್ಲಾರಿಗೂ ತಿಳೀತು."

"ನಿನಗೂ?"

"ನನಗೂ."

"ಮತ್ತ ಯಾಕ ಸುಮ್ನ ಕುಂತಿ?"

ನೀವು ಹಿರಿಯರು ಅಂತ ಸುಮ್ಮನಿದ್ದೆ ಎನ್ನಬಹುದಿತ್ತು. ಅದು ಅರ್ಧ ನಿಜ. ನನ್ನ ಮಗಳು ದೀಪ್ತಿ ಜಹೀರಾಬಾದಿನ ಶಾಲೆಗೆ ವ್ಯಾನಿನಲ್ಲಿ ಹೋಗುತ್ತಾಳೆ, ಅಲ್ಲಿ ಎಲ್ಲ ಅನುಕೂಲವೂ ಇದೆ. ಉಳಿದರ್ಧ ನಿಜ ಅದು. ಅದನ್ನು ಬಾಯಿಬಿಟ್ಟು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಮಾವನವರೇ, "ನನ್ನ ಬಾಯಿಗೇ ಆ ಮಾತು ಬರಲಿಲ್ಲ. ನಾಕು ಮಂದಿ ಮುಂದ ಹ್ಯಾಂಗ ಅನ್ನೂದು ಅನಿಸ್ತು. ಥೂ ನನ್ನ" ಎಂದು ಮುಂದೆ ನಡೆದರು. ಅವರ ಬಾಯಲ್ಲಿ ನಾನು ಕೇಳಿದ ಮೊದಲ ಬೈಗುಳ ಅದೇ. ಬೈದದ್ದು ತಮ್ಮನ್ನೇ.

ಮರುದಿನ ಹೆಡ್‌ಮಾಸ್ತರ ಬಳಿ ಹೋದರು. ಇರುವುದೊಂದು ಮಾಸ್ತರರಿಗೇ ಬೇಕು, ಹೊಸದಕ್ಕೆ ಮೇಲಿನಿಂದ ಮಂಜೂರಾಗಬೇಕು ಎಂದು ಅವರು ಕೈ ಚೆಲ್ಲಿದರು. ಮಂಡಲ ಕಚೇರಿಗೂ ಅಲೆದರು. ಗೋಡೆ ಈಗಷ್ಟೇ ಕೊಟ್ಟಿದ್ದೇವಲ್ಲ ಎಂಬ ಉತ್ತರ ಸಿಕ್ಕಿತು. ಅಷ್ಟರಲ್ಲಿ ಹತ್ತನೆಯ ಪರೀಕ್ಷೆ ಬಂತು, ಹೋಯಿತು.

ಮೊನ್ನೆ ಸರಪಂಚ್ ಎಲೆಕ್ಷನ್ನಿನ ಗದ್ದಲದಲ್ಲಿ ಅದೇ ಲೀಡರ್ ತಮ್ಮ ಕಡೆಯವರ ಪರ ಮತ್ತೆ ಊರಿಗೆ ಬಂದರು. ಈ ಸಲ ಕಟ್ಟೆಯ ಮೇಲೆ ವಾದವೇ ಆಗಲಿಲ್ಲ, ಮಾಳಿಂಗಪ್ಪ ಕಾಕಾ ಕೂಡ ಭವನದ ಸುದ್ದಿ ಎತ್ತಲಿಲ್ಲ. ಮಾವನವರು ಭೂದೇವಿಗೆ, "ನೀನೇ ತೆಲುಗಿನಾಗ ಹೇಳವಾ. ನಾ ಹಿಂದ ನಿಂದರತೀನಿ" ಎಂದರು.

"ಬ್ಯಾಡ್ರಿ ಅಪ್ಪಾ. ನಾ ಹೇಳಿದ್ರ ಕೇಳಿ ಬಿಡ್ತಾರ, ನೀವು ಹೇಳಿದ್ರ ಬರಕೋತಾರ" ಎಂದಳು ಅವಳು.

ಹಾಗಾಗಿ ಮತ್ತೆ ಅದೇ ಜಾಗ, ಅದೇ ಮೈಕು. ಭೂದೇವಿ ಕನ್ನಡದಲ್ಲಿ ಮೊದಲಿನಷ್ಟೇ ಹೇಳಿದಳು. ಮಾವನವರು ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ತೆಲುಗಿನಲ್ಲಿ ಸಂಡಾಸ ಎಂಬ ಮಾತನ್ನೂ ಹೇಳಿದರು, ಮುಟ್ಟು ಎಂಬ ಮಾತನ್ನೂ ಹೇಳಿದರು. ಒಂದನ್ನೂ ಬಿಡಲಿಲ್ಲ. ಲೀಡರ್ ಜೊತೆಗಿದ್ದವನು ಬರೆದುಕೊಂಡ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಲೀಡರ್ ನಗುತ್ತಾ, ಹೋದ ಸಲ ಗೋಡೆ ಕೇಳಿದಿರಿ, ಕಟ್ಟಿಸಿದೆವು, ಇದನ್ನೂ ಆಗಲೇ ಕೇಳಬಹುದಿತ್ತಲ್ಲ, ಈ ಹೆಣ್ಣುಮಗಳು ಆಗ ಯಾಕೆ ಕೇಳಲಿಲ್ಲ ಎಂದು ತೆಲುಗಿನಲ್ಲಿ ಕೇಳಿ, ತಿರುಗಿಸಿ ಹೇಳಿ ಎಂಬಂತೆ ಮಾವನವರಿಗೆ ತಲೆಯಾಡಿಸಿದರು.

ರೂಢಿ ಎಂದರೆ ರೂಢಿ. ಊರೆಲ್ಲ ನೋಡುತ್ತಿರುವಾಗ ಮಾವನವರು ಭೂದೇವಿಯ ಕಡೆ ತಿರುಗಿ, ಅವಳ ಮುಖ ನೋಡಲಾರದೆ ಅವಳ ಕಾಲು ನೋಡುತ್ತಾ, ಕನ್ನಡದಲ್ಲಿ ಕೇಳಬೇಕಾಯಿತು. "ಆವಾಗ ಯಾಕ ಕೇಳಲಿಲ್ಲ ಅಂತ ಕೇಳ್ತಾರವಾ."

ಭೂದೇವಿ ಒಂದು ಗಳಿಗೆಯೂ ತಡಮಾಡಲಿಲ್ಲ. "ನಾವು ಹೆಣ್ಮಕ್ಕಳು, ಆವಾಗ ತಿಳೀಲಿಲ್ಲ ಅನ್ರಿ ಅಪ್ಪಾ. ಮರ್ತೆವಂತ ಅನ್ರಿ."

ಅವರ ಮಾನ ಕಾಯಲು ಅವಳು ತನ್ನ ಮೇಲೆ ಹಾಕಿಕೊಂಡಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಮಾವನವರು ಲೀಡರ್ ಕಡೆ ತಿರುಗಿದರು. "ಆಮೆ ಅಡಿಗಿಂದಿ ಸಾರ್. ನೇನು ಚೆಪ್ಪಲೇದು. ನಾಕು ಸಿಗ್ಗಯಿಂದಿ" ಎಂದರು. ಆಕೆ ಕೇಳಿದ್ದಳು, ನಾನೇ ಹೇಳಲಿಲ್ಲ, ನನಗೆ ನಾಚಿಕೆಯಾಯಿತು. ಈ ಸಲವೂ ಅವರು ಭೂದೇವಿ ಹೇಳಿದ್ದನ್ನು ಹೇಳಲಿಲ್ಲ.

ಲೀಡರಿಗೆ ಏನು ಅರ್ಥವಾಯಿತೋ, ಪರವಾಗಿಲ್ಲ ಎಂದು ಮಾವನವರ ಬೆನ್ನು ತಟ್ಟಿ ಕಾರು ಹತ್ತಿದರು. ಜನ ಚದುರಿದರು. ರಮಾ ಅವ್ವನ ಚೀಲ ಹಿಡಿದು ಗುಡಿಯ ಮೂಲೆಯಲ್ಲಿ ನಿಂತಿದ್ದಳು. ಮಾವನವರು ಅವಳ ಹತ್ತಿರ ಹೋಗಿ, "ಬರಕೊಂಡು ಹೋಗ್ಯಾರವಾ, ಈ ಸಲ ಕಟ್ಟತಾರ. ಮತ್ತ ಶಾಲೀಗಿ ಹೋಗ್ತೀ ಅಲ್ಲ?" ಎಂದರು.

"ನನ್ನ ಜೋಡಿ ಇದ್ದವ್ರು ಪಾಸಾಗಿ ಕಾಲೇಜಿಗೆ ಹೋಗ್ಯಾರ್ರಿ ಅಜ್ಜಾ" ಎಂದಳು ರಮಾ, ಮತ್ತು ಚೀಲ ಹೆಗಲಿಗೆ ಹಾಕಿಕೊಂಡು ಅವ್ವನ ಹಿಂದೆ ನಡೆದಳು.