ಮೀನು ತಿನ್ನದ ಮನೆಯ ಗಾಳ

ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರು ಹೇಳಿದರೂ ಬಾಯಿ ಮುಕ್ಕಳಿಸಬೇಕಿತ್ತು. ಹಣೆಗೆ ಮೂರು ಪಟ್ಟೆ ವಿಭೂತಿ ಎಳೆಯದೆ ಯಾರಿಗೂ ಬೆಳಗಿನ ಕಾಫಿ ಸಿಗುತ್ತಿರಲಿಲ್ಲ. ಇಂಥ ಮನೆಯ ಯಜಮಾನ, ಅಂದರೆ ನಮ್ಮಪ್ಪ, ಭಾನುವಾರ ಬಂತೆಂದರೆ ಮಠಕ್ಕೆ ಹೋಗಿ ಬರ್ತೀನಿ ಅಂತ ಅಮ್ಮನಿಗೆ ಹೇಳಿ ಹೋಗಿ ಮೀನಿಗೆ ಗಾಳ ಹಾಕುತ್ತಿದ್ದ. ಇದು ಗೊತ್ತಾಗಿದ್ದು ನನಗೆ ನಲವತ್ತು ದಾಟಿದ ಮೇಲೆ. ಅಷ್ಟು ವರ್ಷ ಗುಟ್ಟು ಕಾಪಾಡಿದವನು ರಾಜಕೀಯಕ್ಕಾದರೂ ಇಳಿದಿದ್ದರೆ ಇಷ್ಟು ಹೊತ್ತಿಗೆ ಎಲ್ಲೋ ಇರುತ್ತಿದ್ದ.

ನಮ್ಮೂರು ಗುಬ್ಬಿಯ ಹತ್ತಿರ. ಮನೆಯ ಹಿಂದೆ ತೆಂಗಿನ ತೋಟ, ತೋಟದ ಹಿಂದೆ ತಲಪರಿಗೆ. ತಲಪರಿಗೆ ಅಂದರೆ ಬೇರೆ ಕಡೆಯವರಿಗೆ ಗೊತ್ತಿರಲಿಕ್ಕಿಲ್ಲ. ನೆಲದಡಿಯ ಒರತೆ ತಾನಾಗಿ ಮೇಲೆ ಬಂದು, ಒಂದು ಗುಂಡಿಯಲ್ಲಿ ನಿಂತು, ಅಲ್ಲಿಂದ ಸಣ್ಣ ಕಾಲುವೆಯಾಗಿ ಗದ್ದೆ ತೋಟಗಳಿಗೆ ಹರಿಯುತ್ತದೆ. ಮೋಟರಿಲ್ಲ, ಕರೆಂಟಿಲ್ಲ. ನೀರು ಎಷ್ಟು ತಿಳಿಯೆಂದರೆ ತಳದ ಮರಳಿನಿಂದ ಒರತೆ ಬುಳುಬುಳು ಏಳುವುದು ಕಾಣುತ್ತದೆ. ಒಂದು ಕಾಲಕ್ಕೆ ನಮ್ಮ ಕಡೆ ಇಂಥವು ಬೇಕಾದಷ್ಟಿದ್ದವಂತೆ. ಊರೆಲ್ಲ ಬೋರ್‌ವೆಲ್ ಕೊರೆದ ಮೇಲೆ ಒಂದೊಂದೇ ಬತ್ತಿ, ಈಗ ಸುತ್ತಮುತ್ತ ಹರಿಯುವುದು ನಮ್ಮದೊಂದೇ.

ಒಂದು ಭಾನುವಾರ ಊರಿಗೆ ಹೋದವಳು ಎಳನೀರಿನ ಆಸೆಗೆ ತೋಟದೊಳಗೆ ನಡೆದೆ. ಕಾಲುವೆ ದಡದಲ್ಲಿ ಯಾವನೋ ಬೋಳು ಹಣೆಯ ಮನುಷ್ಯ ಕುಕ್ಕರುಗಾಲಲ್ಲಿ ಕೂತಿದ್ದ. ಕಾಯಿ ಕಳ್ಳನೇ ಇರಬೇಕೆಂದು ಕಲ್ಲೆತ್ತಿಕೊಂಡೆ. ಅವನು ತಿರುಗಿ, "ಏಯ್, ನಾನು ಕಣೇ!" ಅಂದ. ಅಪ್ಪ! ವಿಭೂತಿಯಿಲ್ಲದ ಅಪ್ಪನನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಹಣೆ ಯಾಕಪ್ಪ ಹಿಂಗೆ?"

"ಶಿವನ ಮುಂದೆ ಹೆಂಗೆ ಮೀನು ಹಿಡೀಲಿ? ಒರೆಸ್ಕೊಂಡು ಹಿಡೀತೀನಿ. ಆಮೇಲೆ ಹಚ್ಕೋತೀನಿ." ಜೇಬಿನಿಂದ ವಿಭೂತಿ ಗಟ್ಟಿಯ ಪೊಟ್ಟಣ ತೆಗೆದು ತೋರಿಸಿದ. ಶಿವನಿಗೆ ಮೂರು ಕಣ್ಣಿದ್ದರೂ ನಮ್ಮಪ್ಪನ ಲೆಕ್ಕದಲ್ಲಿ ಆ ಎರಡು ಗಂಟೆ ಒಂದೂ ಕಾಣುತ್ತಿರಲಿಲ್ಲ.

ತಿನ್ನುತ್ತಿದ್ದನೇ? ಇಲ್ಲ. ಮುದ್ದೆಯ ಚೂರನ್ನು ಗಾಳಕ್ಕೆ ಮೆತ್ತಿ ಬಿಡುವುದು, ಮೀನು ಸಿಕ್ಕರೆ ಒದ್ದೆ ಕೈಯಲ್ಲಿ ಮೆಲ್ಲಗೆ ಬಿಡಿಸುವುದು, "ತಪ್ಪಾಯ್ತು ಕಣಪ್ಪ" ಅನ್ನುವುದು, ನೀರಿಗೆ ಬಿಡುವುದು. ಒಂದೇ ಮೀನಿಗೆ ಅದೆಷ್ಟು ಸಲ ಕ್ಷಮೆ ಕೇಳಿದ್ದನೋ. ಕಲಿಸಿದವನು ಕೆಳಗಿನ ಬೀದಿಯ ಬೆಸ್ತರ ತಾತ. ತಾತನ ಮನೆಯವರು ತಲೆಮಾರಿನಿಂದ ಈ ಕಾಲುವೆಯಲ್ಲಿ ಬಿದಿರಿನ ಬುಟ್ಟಿ ಒಡ್ಡಿ ಮೀನು ಹಿಡಿದವರು. ಮೊದಲ ಮಳೆ ನೀರಿಗೆ ಮೊಟ್ಟೆ ಹೊತ್ತ ಮೀನು ಮೇಲಕ್ಕೆ ಏರಿ ಬರುವಾಗ ಯಾರೂ ಕೈ ಹಾಕಬಾರದು, ಹೆಬ್ಬೆರಳಿಗಿಂತ ಸಣ್ಣದನ್ನು ಮನೆಗೆ ತರಬಾರದು, ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಹೂಳೆತ್ತಬೇಕು. ಇದು ತಾತನ ಕಾನೂನು. ತಾತ ಹೋದ. ಮಕ್ಕಳು ಬೇರೆ ಕೆಲಸ ಹಿಡಿದರು. ಆ ಕಾನೂನನ್ನು ಪಾಲಿಸಲು ಕೊನೆಗೆ ಉಳಿದವನು ಮೀನು ತಿನ್ನದ ನಮ್ಮಪ್ಪನೊಬ್ಬನೇ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ನಾನು ನಕ್ಕೆ.

ನಕ್ಕ ತಪ್ಪಿಗೆ ಪಾಲುದಾರಳಾದೆ. ನಾನಿರುವುದು ತುಮಕೂರಿನ ಬಟವಾಡಿಯಲ್ಲಿ, ಒಂದು ಕ್ಲಿನಿಕ್‌ನಲ್ಲಿ ಟೋಕನ್ ಕೊಡುವ ಕೆಲಸ. ಗಾಳದ ಮುಳ್ಳು ತಂದುಕೊಡುವುದು ನನ್ನ ಪಾಲಿಗೆ ಬಂತು. ಒಂದು ಸಲ ಪೊಟ್ಟಣ ಬಿಚ್ಚಿ, ಒಂದು ಮುಳ್ಳು ವ್ಯಾನಿಟಿ ಬ್ಯಾಗಿನಿಂದ ಇಣುಕಿ, ಸಿಟಿ ಬಸ್ಸಿನಲ್ಲಿ ಪಕ್ಕದಲ್ಲಿ ನಿಂತಿದ್ದ, ನಮ್ಮ ಕ್ಲಿನಿಕ್‌ಗೇ ಬರುತ್ತಿದ್ದ ಹೆಂಗಸಿನ ಸೆರಗಿಗೆ ಕಚ್ಚಿಕೊಂಡಿತು. ಆಯಮ್ಮ ಇಳಿಯುವಾಗ ನಾನೂ ಇಳಿಯಬೇಕಾಯಿತು. ಇಬ್ಬರೂ ರಸ್ತೆ ಬದಿಯಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತು, ಹೊಸ ಸೀರೆ ಹರಿಯದಂತೆ ಬಿಡಿಸಲು ಕಾಲು ಗಂಟೆ ಒದ್ದಾಡಿದೆವು. "ಏನಮ್ಮ ಇದು?" ಅಂತ ಕೇಳಿದರು. ಡಾಕ್ಟರ ಸಾಮಾನು ಅಂದೆ. ಆಮೇಲೆ ಆಯಮ್ಮ ನಮ್ಮ ಕ್ಲಿನಿಕ್ ಕಡೆ ತಲೆ ಹಾಕಲಿಲ್ಲ.

ಹೀಗಿರುವಾಗ ತಲಪರಿಗೆಗೆ ಅಭಿವೃದ್ಧಿ ಬಂತು. ಗುಂಡಿಗೂ ಕಾಲುವೆಗೂ ಅಡಿಯಿಂದ ಅಂಚಿನವರೆಗೆ ಸಿಮೆಂಟ್, ಮೇಲೆ ಟೈಲ್ಸ್, ನಡುವೆ ಹಂಸದ ಬಾಯಿಂದ ನೀರು ಚಿಮ್ಮುವ ಕಾರಂಜಿ. ತಳಕ್ಕೆ ಸಿಮೆಂಟ್ ಬಳಿದರೆ ಒರತೆ ಏಳುವುದೆಲ್ಲಿಂದ? ಒರತೆ ಮುಚ್ಚಿದರೆ ಹಂಸದ ಬಾಯಿಗೆ ಬರುವುದಾದರೂ ಏನು? ನಾನು ಕೆಲಸಕ್ಕೆ ರಜೆ ಹಾಕಿ, ಕಾಮಗಾರಿ ಮಂಜೂರು ಮಾಡಿದ ಸರ್ಕಾರಿ ಆಫೀಸಿಗೆ ಹೋಗಿ ಇದನ್ನೇ ಕೇಳಿದೆ. ಟೋಕನ್ ನಂಬರ್ ಕೂಗಿ ಕೂಗಿ ನನ್ನ ಗಂಟಲಿಗೆ ಒಳ್ಳೆ ಸಾಧನೆಯಾಗಿತ್ತು, ಇಡೀ ಆಫೀಸು ಎದ್ದು ನಿಂತಿತು. ಅಲ್ಲಿದ್ದ ಎಳೆ ವಯಸ್ಸಿನ ಇಂಜಿನಿಯರ್ ಕೆಟ್ಟವನಲ್ಲ. ಫಾರಂ ತೋರಿಸಿದ. ಅದರಲ್ಲಿ 'ಜಲಚರ' ಅನ್ನುವ ಕಾಲಂ ಮುಂದೆ 'ಇಲ್ಲ' ಅಂತ ಯಾರೋ ಬರೆದಿದ್ದರು.

"ಮೀನಿದೆ ಅನ್ನೋಕೆ ಹಳೇ ಫೋಟೋ ಇದ್ರೆ ಕೊಡಿ ಮೇಡಂ, ಇಲ್ದಿದ್ರೆ ನನ್ನ ಕಣ್ಣೆದುರೇ ಹಿಡಿದು ತೋರಿಸಿ. ತಳ ಬಿಟ್ಟು ಬರೀ ದಡಕ್ಕೆ ಕಲ್ಲು ಕಟ್ಟೋಕೆ ಬರ್ಕೊಡ್ತೀನಿ. ಸೋಮವಾರ ಹನ್ನೊಂದಕ್ಕೆ ಬರ್ತೀನಿ, ಆಮೇಲೆ ಕುಣಿಗಲ್ಲಿಗೆ ಹೋಗ್ಬೇಕು. ಮಂಗಳವಾರ ಇಲ್ಲಿ ಕೆಲಸ ಶುರು."

ಅಪ್ಪನಿಗೆ ಹೇಳಿದೆ. ಅವನ ಹತ್ತಿರ ಒಂದೂ ಫೋಟೋ ಇರಲಿಲ್ಲ. ಯಾವ ಕಳ್ಳ ತನ್ನ ಕಳ್ಳತನದ ಫೋಟೋ ತೆಗೆದಿಡುತ್ತಾನೆ? ಈಗ ಮೀನು ತೋರಿಸಬೇಕೆಂದರೆ ಊರವರ ಮುಂದೆ, ಅದಕ್ಕಿಂತ ಹೆಚ್ಚಾಗಿ ಅಮ್ಮನ ಮುಂದೆ, ಗಾಳ ಹಿಡಿದು ಕೂರಬೇಕು. "ಒರತೆ ಹೋಗೋದ್ಕಿಂತ ನನ್ನ ಮಾನ ಹೋಗ್ಲಿ ಬುಡು," ಅಂದ ಕೊನೆಗೆ.

ಅಮ್ಮನಿಗೆ ಗಾಳದ ವಿಷಯ ಹೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಸೋಮವಾರ ಸಾಹೇಬರು ತಲಪರಿಗೆ ನೋಡಲು ಬರುತ್ತಾರೆ ಎಂದಷ್ಟೇ ಹೇಳಿದೆವು. ತಪ್ಪಾಗಿದ್ದು ಅಲ್ಲೇ. ಅದು ಕಾರ್ತಿಕ ಸೋಮವಾರ. ಸಾಹೇಬರು ಬರುವ ಹೊತ್ತಿಗೆ ನೀರಿಗೆ ಪೂಜೆಯಿಲ್ಲದೆ ಇರುವುದೇ? ಅಮ್ಮ ಬೆಳಗ್ಗೆಯೇ ಬೀದಿಯ ಹೆಂಗಸರನ್ನೆಲ್ಲ ಕರೆದುಕೊಂಡು ಹೋಗಿ ಗಂಗೆಪೂಜೆ ಮಾಡಿಸಿದಳು. ಮಾಡಿಸಿ, ಗಂಗಮ್ಮನಿಗೆ ಅಂತ ಪುರಿ, ಕಡಲೆ, ಬಾಳೆಹಣ್ಣು, ತಂಬಿಟ್ಟು, ಮೊಸರನ್ನ ಎಲ್ಲವನ್ನೂ ನೀರಿಗೆ ಅರ್ಪಿಸಿದಳು. ಒಬ್ಬೊಬ್ಬ ಹೆಂಗಸೂ ಅರ್ಪಿಸಿದಳು. ನಾನೂ ಅಪ್ಪನೂ ಹತ್ತೂವರೆಗೆ ಅಲ್ಲಿಗೆ ಹೋದಾಗ ಕಾಲುವೆ ಬೀಗರೂಟ ಮುಗಿದ ಛತ್ರದಂತಿತ್ತು.

ಹನ್ನೊಂದಕ್ಕೆ ಸರಿಯಾಗಿ ಇಂಜಿನಿಯರ್ ಬಂದ. ಹೆಂಗಸರು ಆರತಿ ಎತ್ತಿದರು. ಪಾಪ, ಅವನಿಗೆ ಅಂಥ ಅಭ್ಯಾಸವಿರಲಿಲ್ಲ, ಬೂಟು ಬಿಚ್ಚಿ ಕೈ ಮುಗಿದ. "ಎಲ್ಲಿ ಮೇಡಂ ಮೀನು?" ಅಂದ. ನೀರಿನ ಮೇಲೆಲ್ಲ ಪುರಿ ತೇಲುತ್ತಿತ್ತು, ಕೆಳಗೆ ಏನೂ ಕಾಣುತ್ತಿರಲಿಲ್ಲ.

"ತಡೀರಿ ಸಾರ್, ನಮ್ಮಪ್ಪ ಗಾಳ ಹಾಕಿ ತೋರಿಸ್ತಾರೆ," ಅಂದುಬಿಟ್ಟೆ.

ಅಮ್ಮನ ಕೈಯಲ್ಲಿ ಆರತಿ ತಟ್ಟೆ ಹಾಗೇ ನಿಂತಿತು. ಅಪ್ಪ ಯಾರ ಮುಖವನ್ನೂ ನೋಡದೆ ಗರಿ ರಾಶಿಯ ಕೆಳಗಿಂದ ಬಿದಿರು ಗಳ ಎಳೆದು, ಮುದ್ದೆ ಚೂರು ಮೆತ್ತಿ, ನೀರಿಗೆ ಬಿಟ್ಟ. ಆವತ್ತು ವಿಭೂತಿ ಒರೆಸಿಕೊಳ್ಳುವುದನ್ನೂ ಮರೆತಿದ್ದ.

ಗಾಳದ ದಾರ ಅಲುಗಿದ್ದರಿಂದ ಮೀನು ಬಂದದ್ದು ಗೊತ್ತಾಯಿತು. ಮುದ್ದೆಯನ್ನು ಮೂಸಿ ನೋಡಿ ಹೊರಟುಹೋಯಿತು. ಇನ್ನೊಂದು ಬಂತು, ಅದೂ ಹೊರಟುಹೋಯಿತು. ತಂಬಿಟ್ಟು ತಿಂದ ಬಾಯಿಗೆ ಬರೀ ಮುದ್ದೆ ಯಾರಿಗೆ ರುಚಿಸುತ್ತದೆ? ಅಪ್ಪ ಗಾಳಕ್ಕೆ ಬಾಳೆಹಣ್ಣು ಚುಚ್ಚಿದ, ಕಡಲೆ ಚುಚ್ಚಿದ. ಊಹೂಂ. ಅರ್ಧ ಗಂಟೆ ಕಳೆಯಿತು. ಇಂಜಿನಿಯರ್ ವಾಚು ನೋಡಿಕೊಂಡು, "ಕುಣಿಗಲ್ಲಲ್ಲಿ ಕಾಯ್ತಿದಾರೆ ಮೇಡಂ," ಅಂತ ಬೂಟು ಹಾಕಿಕೊಳ್ಳಲು ಶುರು ಮಾಡಿದ. ಅಪ್ಪನ ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು. ಊರವರ ಮುಂದೆ ಮಾನವೂ ಹೋಯಿತು, ಒರತೆಯೂ ಹೋಗುತ್ತದೆ ಅನ್ನಿಸಿ ನನಗೆ ಅಳು ಬಂತು.

ಆಗ ಅಮ್ಮ ಆರತಿ ತಟ್ಟೆಯನ್ನು ನನ್ನ ಕೈಗೆ ತುರುಕಿದಳು. ಸೀರೆಯನ್ನು ಮಂಡಿಗೆ ಎತ್ತಿ ಕಟ್ಟಿ ಕಾಲುವೆಗೆ ಇಳಿದಳು. ಅಪ್ಪನ ಹೆಗಲ ಮೇಲಿದ್ದ ಟವೆಲನ್ನು ಎಳೆದುಕೊಂಡು, "ಆ ಗಾಳ ಎಸೀರಿ ಅತ್ಲಾಗೆ. ಈ ತುದಿ ಹಿಡ್ಕೊಳ್ರಿ," ಅಂದಳು.

ಅಪ್ಪ ಬಾಯಿ ಬಿಟ್ಟುಕೊಂಡು ಇಳಿದ. ಅಮ್ಮ ಬಗ್ಗಿ ಟವೆಲನ್ನು ತಳಕ್ಕೆ ಒತ್ತಿದಳು. "ಮೆಲ್ಲಗೆ... ಮೆಲ್ಲಗೆ... ಎತ್ರೀ ಈಗ!" ಇಬ್ಬರೂ ಒಟ್ಟಿಗೆ ಎತ್ತಿದರು. ಟವೆಲ್ ತುಂಬ ಬೆರಳುದ್ದದ ಮೀನುಗಳು, ಒಂದೊಂದರ ಹೊಟ್ಟೆಯೂ ಉಬ್ಬಿ ಗುಂಡಗಾಗಿತ್ತು. ತಿಂದ ಭಾರಕ್ಕೆ ಓಡಲಾರದೆ ಸಿಕ್ಕಿಬಿದ್ದಿದ್ದವು. ಒಂದರ ಬಾಯಲ್ಲಿ ಇನ್ನೂ ಪುರಿಯಿತ್ತು. ಇಂಜಿನಿಯರ್ ಒಂದು ಕಾಲಿಗೆ ಮಾತ್ರ ಬೂಟು ಹಾಕಿಕೊಂಡವನು ಕುಂಟುತ್ತ ಓಡಿ ಬಂದು ಫೋಟೋ ಹೊಡೆದ. ಮೀನುಗಳನ್ನು ನೀರಿಗೆ ಬಿಟ್ಟ ಮೇಲೆ ಅಲ್ಲೇ ನಿಂತು ಫಾರಂನಲ್ಲಿ 'ಇಲ್ಲ' ಹೊಡೆದುಹಾಕಿ 'ಇದೆ' ಅಂತ ಬರೆದು ಸಹಿ ಹಾಕಿದ. ಮಾತಿಗೆ ತಪ್ಪಲಿಲ್ಲ. ತಳಕ್ಕೆ ಸಿಮೆಂಟ್ ಬೀಳಲಿಲ್ಲ, ಹಂಸವೂ ಬರಲಿಲ್ಲ.

ಅವನೂ ಹೆಂಗಸರೂ ಹೋದ ಮೇಲೆ ನಾವು ಮೂವರೇ ಉಳಿದೆವು. ಅಮ್ಮ ದಡದಲ್ಲಿ ಕೂತು ಸೀರೆ ಹಿಂಡುತ್ತಿದ್ದಳು. ಇದನ್ನೆಲ್ಲ ಎಲ್ಲಿ ಕಲಿತೆ ಅಂತ ಕೇಳಿದೆ.

"ಕುಣಿಗಲ್ ಕೆರೆ ಮಗ್ಗುಲಲ್ಲಿ ಬೆಳೆದೋಳು ಕಣೇ ನಾನು. ಹುಡ್ಗೀರೆಲ್ಲ ಸೇರ್ಕೊಂಡು ಲಂಗದಲ್ಲಿ ಹಿಡೀತಿದ್ವಿ, ಎಣಿಸಿ ಬಿಡ್ತಿದ್ವಿ. ಮದುವೆ ಆದ್ಮೇಲೆ ಯಾರ ಹತ್ರ ಹೇಳ್ಕೊಳ್ಲಿ, ಇಂಥ ಮನೇಲಿ?"

ಅಪ್ಪ ಮೆಲ್ಲಗೆ, "ನಿಂಗೆ ಕೋಪ ಇಲ್ವಾ?" ಅಂದ.

"ಇದೆ." ಅಮ್ಮನ ಕಣ್ಣು ತುಂಬಿತ್ತು. "ಮಠದಿಂದ ಬಂದವ್ರ ಪಂಚೆ ವಾರವಾರವೂ ಒದ್ದೆ ಇರುತ್ತಾ? ಒಗಿಯೋಳು ನಾನು, ನಂಗೆ ಗೊತ್ತಾಗಲ್ವಾ? ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ. ಅಷ್ಟು ವರ್ಷ ಒಬ್ರೇ ಬಂದ್ರಲ್ಲ. ಒಂದ್ ದಿನ ಬಾರೇ ಅಂತ ಕರೀಲಿಲ್ವಲ್ಲ."

"ಬೈತೀಯ ಅಂತ ಕಣೇ..."

"ಬೈತಿದ್ದೆ," ಅಂದಳು ಅಮ್ಮ. "ಬೈಕೊಂಡೇ ಬರ್ತಿದ್ದೆ."